ಪೇತ್ರನ ಅತ್ತೆಗೆ ಜ್ವರ ಬಿಟ್ಟ ದಿನ

ಎಲ್ಲರಿಗೂ ನಮಸ್ಕಾರ. ಇವತ್ತು ಒಬ್ಬ ಅತ್ತೆಯ ಕಥೆ. ಅಳಿಯ ಯಾರು ಗೊತ್ತಾ? ಯೇಸುವಿನ ಶಿಷ್ಯ ಪೇತ್ರ, ಆಗಿನ್ನೂ ಎಲ್ಲರೂ ಸೀಮೋನ ಅಂತಲೇ ಕರೆಯುತ್ತಿದ್ದರು. ಬೈಬಲಿನಲ್ಲಿ ಮಾರ್ಕನ ಸುವಾರ್ತೆ 1ನೇ ಅಧ್ಯಾಯ, 29ರಿಂದ 31. ಮೂರೇ ವಚನ. ಆಕೆಯ ಹೆಸರು ಏನು ಅಂತ ಯಾವ ಸುವಾರ್ತೆಯೂ ಹೇಳುವುದಿಲ್ಲ.

(ಸ್ಕ್ರೀನ್ ಮೇಲೆ: ಗಲಿಲಾಯ ಸಮುದ್ರದ ಮ್ಯಾಪ್)

ಊರು ಕಪೆರ್ನೌಮ್. ಪಕ್ಕದಲ್ಲೇ ಗಲಿಲಾಯ ಸಮುದ್ರ. ಸಮುದ್ರ ಅಂತ ಹೆಸರು, ಆದರೆ ಅದು ಸಿಹಿನೀರಿನ ಸರೋವರ, ದಡದಲ್ಲಿ ಮೀನುಗಾರರ ಊರು. ಅಲ್ಲಿ 1968ರಿಂದ ಫ್ರಾನ್ಸಿಸ್ಕನ್ ಪಾದ್ರಿಗಳು ಅಗೆದಾಗ 5ನೇ ಶತಮಾನದ ಎಂಟು ಮೂಲೆಯ ಚರ್ಚಿನ ಕೆಳಗೆ ಕಪ್ಪು ಕಲ್ಲಿನ ಒಂದು ಹಳೇ ಮನೆ ಸಿಕ್ಕಿತು, ಅಲ್ಲಿ ಮೀನಿನ ಗಾಳಗಳು. ಪೇತ್ರನ ಮನೆ ಇದೇ ಅಂತ ಅಲ್ಲಿನವರು ತೋರಿಸುತ್ತಾರೆ. ಈಗ ಅದರ ಮೇಲೆ 1990ರಲ್ಲಿ ಕಟ್ಟಿದ ಚರ್ಚು ಇದೆ, ನೆಲದಲ್ಲಿ ಗಾಜು ಹಾಕಿದ್ದಾರೆ, ಬಗ್ಗಿ ನೋಡಿದರೆ ಆ ಗೋಡೆಗಳು ಕಾಣುತ್ತವೆ.

ಸರಿ, ಕಥೆಗೆ ಬರೋಣ. ಸಬ್ಬತ್ ದಿನ, ಅಂದರೆ ಯೆಹೂದ್ಯರು ಕೆಲಸ ನಿಲ್ಲಿಸುವ ವಿಶ್ರಾಂತಿಯ ದಿನ. ಸಭಾಮಂದಿರದಿಂದ ಯೇಸು ನೇರ ಈ ಮನೆಗೆ ಬಂದರು, ಜೊತೆಗೆ ಶಿಷ್ಯರಾದ ಯಾಕೋಬ, ಯೋಹಾನ. ಅತ್ತೆ ಜ್ವರದಿಂದ ಮಲಗಿದ್ದಳು. ಬರೀ ಜ್ವರ ಅಲ್ಲ, ವಿಪರೀತ ಜ್ವರ ಅಂತ ಇನ್ನೊಂದು ಸುವಾರ್ತೆಯ ಲೂಕ ಬರೆಯುತ್ತಾನೆ. ಯೇಸು ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿದರು. ಜ್ವರ ಬಿಟ್ಟಿತು. ಆಕೆ ಎದ್ದು ಎಲ್ಲರಿಗೂ ಉಪಚಾರ ಮಾಡಿದಳು.

ನನಗೆ ಒಮ್ಮೆ ಡೆಂಗ್ಯೂ ಬಂದಿತ್ತು. ಜ್ವರ ಇಳಿದ ಮೇಲೂ ಬಚ್ಚಲಿಗೆ ಹೋಗೋಕೆ ಗೋಡೆ ಹಿಡಿಯಬೇಕಿತ್ತು, ಅರ್ಧ ಲೋಟ ಗಂಜಿ ಕುಡಿಯೋದೇ ದೊಡ್ಡ ಕೆಲಸ. ಹಾಗಾಗಿ ಈಕೆ ಎದ್ದ ಕೂಡಲೇ ಐದಾರು ಜನರಿಗೆ ಊಟ ಬಡಿಸಿದ್ದು ನನಗೆ ಜ್ವರ ಬಿಟ್ಟಿದ್ದಕ್ಕಿಂತ ದೊಡ್ಡ ಅದ್ಭುತ. 4ನೇ ಶತಮಾನದ ಕೊನೆಯಲ್ಲೇ, ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಇದನ್ನು ಗಮನಿಸಿದ್ದ: ಜ್ವರ ಬಿಟ್ಟ ಮೈಯಲ್ಲಿ ಶಕ್ತಿ ಇರೋದಿಲ್ಲ, ಈಕೆಗೆ ಮಾತ್ರ ಆರೋಗ್ಯ ಪೂರ್ತಿ ಬಂತು. (ನೀವು ಮಾತ್ರ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಪ್ರಾರ್ಥನೆಯನ್ನೂ ಮಾಡಿ.)

ಇಲ್ಲಿ ಒಂದು ಸಿಟ್ಟಿನ ಪ್ರಶ್ನೆ ಬರುತ್ತದೆ. ಅಯ್ಯೋ, ಹುಷಾರಾದ ತಕ್ಷಣ ಮತ್ತೆ ಅಡುಗೆಮನೆನಾ? ನ್ಯಾಯವಾದ ಪ್ರಶ್ನೆ, ನಮ್ಮ ಮನೆಗಳಲ್ಲೂ ಅದೇ ತಾನೇ ನಡೆಯೋದು. ಆದರೆ ಮಾರ್ಕ ಬಳಸಿದ ಪದ ನೋಡಿ. ಗ್ರೀಕಿನಲ್ಲಿ ಅದು ಡಿಯಾಕೊನೆಯೊ, ಅಂದರೆ ಸೇವೆ ಮಾಡು. ಚರ್ಚಿನಲ್ಲಿ ಡೀಕನ್ ಅಂತೀವಲ್ಲ, ಅದೇ ಬೇರು. ಇದಕ್ಕೆ ಮುಂಚೆ, ಅದೇ ಅಧ್ಯಾಯದಲ್ಲಿ, ಅಡವಿಯಲ್ಲಿ ಯೇಸುವಿಗೆ ಉಪಚಾರ ಮಾಡಿದ್ದು ದೇವದೂತರು. ಅದೇ ಪದ. ದೂತರಾದ ಮೇಲೆ ಈಕೆ!

ಇನ್ನು ಅವತ್ತು ಆ ಮನೆಗೆ ಬಂದ ಯಾಕೋಬ, ಯೋಹಾನ? 10ನೇ ಅಧ್ಯಾಯದಲ್ಲಿ ಅವರು ಯೇಸುವಿನ ಹತ್ತಿರ ಬಂದು, ನಿನ್ನ ಮಹಿಮೆಯಲ್ಲಿ ನಮಗೆ ಬಲಗಡೆ ಒಂದು, ಎಡಗಡೆ ಒಂದು ಸೀಟು ಕೊಡು ಅಂತ ಕೇಳುತ್ತಾರೆ. ಉಳಿದ ಹತ್ತು ಶಿಷ್ಯರಿಗೆ ಸಿಟ್ಟು. ಆಗ ಯೇಸು ಹೇಳುತ್ತಾರೆ, ಮನುಷ್ಯಕುಮಾರ (ಯೇಸು ತನ್ನನ್ನೇ ಹೀಗೆ ಕರೆದುಕೊಳ್ಳುತ್ತಿದ್ದರು) ಸೇವೆ ಮಾಡಿಸಿಕೊಳ್ಳೋಕೆ ಬರಲಿಲ್ಲ, ಸೇವೆ ಮಾಡೋಕೆ ಬಂದ. ಮತ್ತೆ ಅದೇ ಪದ. ಅಂದರೆ ಶಿಷ್ಯರಿಗೆ ಅಷ್ಟು ದೂರ ನಡೆದ ಮೇಲೂ ಹತ್ತದ ಪಾಠವನ್ನು ಈಕೆ ಯಾರೂ ಹೇಳದೆ ಮಾಡಿ ಮುಗಿಸಿದ್ದಳು. ಯೇಸು ಆಕೆಗೆ 'ಎದ್ದು ಬಡಿಸು' ಅಂದಿದ್ದು ಎಲ್ಲೂ ಇಲ್ಲ, ಹುಡುಕಿ ನೋಡಿ.

ಅವತ್ತು ಹೊತ್ತು ಮುಳುಗಿತು, ಸಬ್ಬತ್ ಮುಗಿಯಿತು. ರೋಗಿಗಳನ್ನು ಹೊತ್ತುಕೊಂಡು ಊರಿಗೆ ಊರೇ ಬಂದು ಬಾಗಿಲ ಹತ್ತಿರ ಸೇರಿತು ಅಂತಾನೆ ಮಾರ್ಕ. ಆ ಬಾಗಿಲು ಇದೇ ಮನೆಯದು.