ಮೇನ್‌ಫ್ರೇಮ್ ಯಂತ್ರದ ಮೇಲೆ ಲಿನಕ್ಸ್

ಕೇಳುಗ ಬಂಧುಗಳಿಗೆ ನಮಸ್ಕಾರ.

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ವಿಜಯಪುರ, ಬೆಳಗಾವಿಯ ಕಾಲೇಜುಗಳಲ್ಲಾಗಲಿ ಕಂಪ್ಯೂಟರ್ ವಿಜ್ಞಾನ ಓದುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳುವುದು ಈಗ ಸಾಮಾನ್ಯ ಸಂಗತಿ. ಅದೇ ಲಿನಕ್ಸ್ ಬ್ಯಾಂಕುಗಳ, ವಿಮಾ ಸಂಸ್ಥೆಗಳ ಲೆಕ್ಕ ಹೊತ್ತ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳಲ್ಲೂ ನಡೆಯುತ್ತದೆ. ಆ ಯಂತ್ರವನ್ನು ಕಣ್ಣಾರೆ ನೋಡುವ ಅವಕಾಶ ನಮ್ಮ ಭಾಗದ ಹೆಚ್ಚಿನ ವಿದ್ಯಾರ್ಥಿಗಳಿಗೆ ಇಲ್ಲದಿದ್ದರೂ ಅದರ ಕೆಲಸವನ್ನು ಮನೆಯಲ್ಲಿ ಕೂತೇ ಕಲಿಯಬಹುದು ಎಂಬುದನ್ನು ತಿಳಿಸುವುದು ಈ ಭಾಷಣದ ಉದ್ದೇಶ.

1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಮ್ 360 ಎಂಬ ಯಂತ್ರಮಾಲೆಯೇ ಇಂದಿನ ಮೇನ್‌ಫ್ರೇಮ್‌ಗಳ ಮೂಲ. ಇವುಗಳಿಗೆ ಲಿನಕ್ಸ್ ತರಲು ಬಿಗ್‌ಫುಟ್ ಎಂಬ ಹೆಸರಿನಲ್ಲಿ ಹೊರಗಿನ ಉತ್ಸಾಹಿಗಳು ಮೊದಲೇ ಶ್ರಮಿಸಿದ್ದರು. 1999ರ ಡಿಸೆಂಬರಿನಲ್ಲಿ ಐಬಿಎಂ ತನ್ನದೇ ಮಾರ್ಪಾಡುಗಳನ್ನು ಬಹಿರಂಗಪಡಿಸಿತು. ಮರುವರ್ಷ ಲಿನಕ್ಸಿಗೆಂದೇ ಮೀಸಲಾದ ಐಎಫ್ಎಲ್ ಎಂಬ ಪ್ರೊಸೆಸರ್ ಬಂದಿತು. ಝಡ್‌ವಿಎಂ ಎಂಬ ತಂತ್ರಾಂಶದ ಆಸರೆಯಲ್ಲಿ, ಒಂದೇ ವಾಡೆಯೊಳಗೆ ಹಲವು ಕುಟುಂಬಗಳು ಬೇರೆ ಬೇರೆ ಒಲೆ ಹೂಡಿಕೊಂಡು ಬಾಳುವಂತೆ, ಒಂದೇ ಯಂತ್ರದಲ್ಲಿ ನೂರಾರು ಲಿನಕ್ಸ್‌ಗಳು ಪರಸ್ಪರ ತಾಗದೆ ನಡೆಯುತ್ತವೆ.

ಅನುಸ್ಥಾಪನೆಯ ಕ್ರಮವೇ ಇಲ್ಲಿ ವಿಶೇಷ. ಪೆನ್‌ಡ್ರೈವ್ ಚುಚ್ಚಿ ಪರದೆಯಲ್ಲಿ ಗುಂಡಿ ಒತ್ತುವ ರೂಢಿ ಇಲ್ಲಿಲ್ಲ. ಝಡ್‌ವಿಎಂ ಒಳಗೆ ಲಿನಕ್ಸಿನ ತಿರುಳಾದ ಕರ್ನಲ್, ಅದಕ್ಕೆ ಕೊಡುವ ನಿಯತಾಂಕಗಳ ಕಡತ ಮತ್ತು ಬೂಟ್ ಆಗುವಾಗ ಮೆಮೊರಿಯಲ್ಲಿ ತೆರೆದುಕೊಳ್ಳುವ ಆರಂಭಿಕ ರ‍್ಯಾಮ್‌ಡಿಸ್ಕ್ ಈ ಮೂರನ್ನೂ ಇದೇ ಅನುಕ್ರಮದಲ್ಲಿ, ರಂಧ್ರ ಕೊರೆದ ಕಾರ್ಡುಗಳ ಕಾಲದಿಂದ ಉಳಿದುಬಂದ, ಈಗ ಕೇವಲ ಕಲ್ಪಿತವಾಗಿರುವ ಕಾರ್ಡ್ ರೀಡರಿಗೆ ಕಳಿಸಿ, ಅದರಿಂದಲೇ ಯಂತ್ರವನ್ನು ಬೂಟ್ ಮಾಡಬೇಕು; ಈ ಬೂಟಿಗೆ ಅಲ್ಲಿನವರು ಐಪಿಎಲ್ ಎನ್ನುತ್ತಾರೆ. ಮೊದಲು ಜಾಲದ ವಿವರ ಕೊಟ್ಟು, ಆಮೇಲೆ ದೂರದಿಂದ ಸುರಕ್ಷಿತವಾಗಿ ಪ್ರವೇಶಿಸುವ ಎಸ್ಎಸ್ಎಚ್ ಮೂಲಕ ಒಳಹೊಕ್ಕು ಉಳಿದ ಕೆಲಸ ಮುಗಿಸುವುದು ವಾಡಿಕೆ. ಡಾಸ್ಡಿ ಎಂಬ ಮೇನ್‌ಫ್ರೇಮಿನ ಡಿಸ್ಕುಗಳನ್ನು ಮೊದಲು ಚಾಲೂ ಮಾಡಿ, 4096 ಬೈಟುಗಳ ಬ್ಲಾಕುಗಳಾಗಿ ಫಾರ್ಮ್ಯಾಟ್ ಮಾಡಿ, ಆನಂತರವೇ ವಿಭಾಗಿಸಬೇಕು. ರೂಢಿಯ ವಿನ್ಯಾಸದಲ್ಲಿ ಒಂದು ಡಿಸ್ಕಿಗೆ ಮೂರೇ ವಿಭಾಗಗಳು.

ಹೊಸಬರು ವಿಶೇಷವಾಗಿ ಗಮನಿಸಬೇಕಾದದ್ದು ಝಿಪಲ್ ಎಂಬ ಬೂಟ್ ಸಾಧನವನ್ನು. ಕರ್ನಲ್ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ ಎಂಬುದನ್ನೇ ಅದು ಬರೆದಿಡುವುದರಿಂದ, ಕರ್ನಲ್ ಬದಲಿಸಿದ ಮೇಲೆ ಝಿಪಲ್ ಮತ್ತೆ ಓಡಿಸದಿದ್ದರೆ ಹೊಸ ಕರ್ನಲ್ ಬೂಟ್ ಆಗುವುದಿಲ್ಲ, ಕೆಲವೊಮ್ಮೆ ಯಂತ್ರವೇ ಏಳುವುದಿಲ್ಲ. ಡೆಬಿಯನ್‌ನಂಥ ಸಿದ್ಧ ಲಿನಕ್ಸ್ ವಿತರಣೆಗಳ ಅಪ್‌ಡೇಟ್ ಸಾಮಾನ್ಯವಾಗಿ ಇದನ್ನು ತಾನೇ ಮಾಡುತ್ತದೆ; ಕೈಯಾರೆ ಕರ್ನಲ್ ಹಾಕುವವರು ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲಿ ಕಲಿಯಲು ಮೇನ್‌ಫ್ರೇಮನ್ನು ಅನುಕರಿಸುವ ಹರ್ಕ್ಯುಲಿಸ್ ಎಂಬ ಮುಕ್ತ ತಂತ್ರಾಂಶವಿದೆ. ಸಾಧಾರಣ ಕಂಪ್ಯೂಟರಿನಲ್ಲಿ ಅದನ್ನು ನಡೆಸಿ, ಹಳೆಯ ಡೆಬಿಯನ್ ಆವೃತ್ತಿಯೊಂದನ್ನು ಹಾಕಿದರೆ, ಡಾಸ್ಡಿಯಿಂದ ಝಿಪಲ್‌ವರೆಗಿನ ಇಡೀ ಕ್ರಮ ಕೈಗೆ ಹತ್ತುತ್ತದೆ. ಹೊಸ ಆವೃತ್ತಿಗಳು ಹೊಸ ಯಂತ್ರಗಳ ಸೂಚನೆಗಳನ್ನು ಬಯಸುವುದರಿಂದ ಅವಕ್ಕೆ ಕ್ಯೂಎಂಯು ಎಂಬ ಇನ್ನೊಂದು ಅನುಕರಣ ತಂತ್ರಾಂಶ ಒಳ್ಳೆಯದು. ಆದರೆ ಅಲ್ಲಿ ಡಾಸ್ಡಿ ಅಭ್ಯಾಸ ಸಿಗದೆ ಹೋಗುವುದರಿಂದ, ನಿಧಾನವಾದರೂ ಹರ್ಕ್ಯುಲಿಸ್‌ನಿಂದ ಶುರುಮಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಪ್ರತಿ ಸೂಚನೆಯನ್ನೂ ತಂತ್ರಾಂಶವೇ ಬಿಡಿಸಿ ನಡೆಸುವುದರಿಂದ ಅನುಸ್ಥಾಪನೆಗೆ ತಾಸುಗಟ್ಟಲೆ ಹಿಡಿಯಬಹುದು. ರಾತ್ರಿ ಹಚ್ಚಿಟ್ಟು ಮುಂಜಾನೆ ನೋಡಬಹುದು.

ಅಲ್ಲಿ ನೀವೇ ಬರೆದ ಒಂದು ಸಿ ಪ್ರೋಗ್ರಾಮನ್ನೂ ಕಂಪೈಲ್ ಮಾಡಿ ನೋಡಿ. ಮೇನ್‌ಫ್ರೇಮ್ ಸಂಖ್ಯೆಯ ದೊಡ್ಡ ಸ್ಥಾನಬೆಲೆಯ ಬೈಟನ್ನು ಮೊದಲು ಇಡುತ್ತದೆ, ನಮ್ಮ ಲ್ಯಾಪ್‌ಟಾಪುಗಳು ಚಿಕ್ಕ ಸ್ಥಾನಬೆಲೆಯದನ್ನು. ಕಡತಕ್ಕೆ ಸಂಖ್ಯೆಗಳನ್ನು ನೇರವಾಗಿ ಬರೆದು, ಆ ಕಡತವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ದು ಓದಿಸಿದರೆ ಈ ವ್ಯತ್ಯಾಸ ಅಲ್ಲೇ ಕಾಣುತ್ತದೆ. ನಮಸ್ಕಾರ.