ಆಟದ ಕೋಣೆಯಲ್ಲಿ ಮಗುವೇ ಮುಂದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ಲೇ ಥೆರಪಿ, ಅಂದರೆ ಆಟದ ಚಿಕಿತ್ಸೆ ಅಂದ ಕೂಡಲೇ ತಂದೆ ತಾಯಂದಿರು ಕೇಳುವ ಮಾತು ಒಂದೇ. "ಆಟ ತಾನೇ? ಮನೇಲೂ ಆಡ್ತಾನಲ್ಲ, ಅದಕ್ಕೆ ಆಸ್ಪತ್ರೆ ಯಾಕೆ?" ನ್ಯಾಯವಾದ ಪ್ರಶ್ನೆ.

ಆರು ವರ್ಷದ ಹುಡುಗನೊಬ್ಬ ಇದ್ದಾನೆ ಅಂದುಕೊಳ್ಳಿ. ಮನೆಗೆ ತಂಗಿ ಬಂದ ಮೇಲೆ ಶಾಲೆಯಲ್ಲಿ ಪಕ್ಕದ ಮಕ್ಕಳನ್ನು ಕಚ್ಚುತ್ತಾನೆ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. "ಯಾಕೋ ಹೀಗ್ ಮಾಡ್ತೀಯ?" ಅಂದರೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಅದು ಹಟ ಅಲ್ಲ. ಒಳಗಿನದನ್ನು ಹೇಳೋಕೆ ಆ ವಯಸ್ಸಿಗೆ ಮಾತು ಸಾಲದು. ಆಟದ ಕೋಣೆಯಲ್ಲಿ ಅದೇ ಹುಡುಗ ಪಾಪು ಗೊಂಬೆಯನ್ನು ಮರಳಲ್ಲಿ ಹೂಳಬಹುದು. ಸ್ವಲ್ಪ ಹೊತ್ತಿಗೆ ತಾನೇ ಅಗೆದು ತೆಗೆದು, ಮರಳು ಒರೆಸಿ, ತೊಟ್ಟಿಲಲ್ಲಿ ಮಲಗಿಸಲೂಬಹುದು.

ನಾವಾದರೆ ಆಗ ಸುಮ್ನಿರ್ತೀವಾ? "ಪಾಪುಗೆ ಹಾಗೆ ಮಾಡ್ಬಾರ್ದು ಪುಟ್ಟ" ಅಂತೀವಿ. ಥೆರಪಿಸ್ಟ್ ಹಾಗನ್ನುವುದಿಲ್ಲ. "ಪಾಪು ಕಾಣಬಾರ್ದು ಅಂತ ಪೂರ್ತಿ ಮುಚ್ಚಿದೆ" ಅಂತಾರೆ, ಅಷ್ಟೇ. ಬೈಗುಳವಿಲ್ಲ, ಶಭಾಷ್‌ಗಿರಿಯೂ ಇಲ್ಲ. ತನ್ನ ಹೊಟ್ಟೆಕಿಚ್ಚನ್ನು ನೋಡಿಯೂ ಒಬ್ಬ ದೊಡ್ಡವರು ತನ್ನನ್ನು ದೂರ ಮಾಡಲಿಲ್ಲ ಅನ್ನುವುದು ಮಗುವಿಗೆ ತಿಳಿಯುತ್ತದೆ. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ ಅಂತ ನಾನು ನಂಬುತ್ತೇನೆ.

1928ರಲ್ಲಿ ಲಂಡನ್ನಿನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಅನ್ನುವ ವೈದ್ಯೆ ಮಕ್ಕಳಿಗಾಗಿ ಚಿಕಿತ್ಸಾಲಯ ತೆರೆದರು. ಚಿಕ್ಕ ಚಿಕ್ಕ ಆಟಿಕೆಗಳನ್ನೂ ಮರಳಿನ ತಟ್ಟೆಯನ್ನೂ ಇಟ್ಟರು. ಎರಡನ್ನೂ ಸೇರಿಸಿ ಮರಳಿನ ಮೇಲೆ ತಮ್ಮದೇ ಪ್ರಪಂಚ ಕಟ್ಟಿದವರು ಮಕ್ಕಳೇ. ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರ ತಮ್ಮ ಪುಸ್ತಕದಲ್ಲಿ ಆಟದ ಚಿಕಿತ್ಸೆಗೆ ಎಂಟು ಸೂತ್ರ ಕೊಟ್ಟರು. ಮಗು ಮುಂದೆ ಹೋಗಲಿ, ನೀವು ಹಿಂದೆ ಬನ್ನಿ, ಅವಸರ ಮಾಡಬೇಡಿ ಅನ್ನುವುದು ಅವುಗಳ ಜೀವಾಳ.

ಹಾಗಂತ ಮಗು ಏನು ಮಾಡಿದರೂ ಸರಿ ಅಂತಲ್ಲ. ಮರದ ಆಟಿಕೆ ಎತ್ತಿ ಹೊಡೆಯೋಕೆ ಬಂದರೆ ಥೆರಪಿಸ್ಟ್ ಶಾಂತವಾಗಿ ಹೇಳುತ್ತಾರೆ: "ನಿಂಗೆ ನನ್ ಮೇಲೆ ತುಂಬಾ ಸಿಟ್ಟು ಬಂದಿದೆ. ಆದ್ರೆ ನನ್ನನ್ನ ಹೊಡೆಯೋ ಹಾಗಿಲ್ಲ. ಬೇಕಿದ್ರೆ ಆ ದಿಂಬಿಗೆ ಹೊಡಿ." ಸಿಟ್ಟಿಗೆ ಜಾಗ ಉಂಟು, ಪೆಟ್ಟಿಗೆ ಇಲ್ಲ. ಈ ಮೂರು ಮಾತನ್ನು ಮನೆಯಲ್ಲೂ ಆಡಿ ನೋಡಿ.

ಮನೆಯಲ್ಲಿ ಇನ್ನೊಂದೂ ಆಗುತ್ತದೆ. ತಂದೆ ತಾಯಿಗೇ ಈ ಆಟ ಕಲಿಸುವ ಪದ್ಧತಿ 1960ರ ದಶಕದಿಂದ ಇದೆ. ವಾರಕ್ಕೆ ಅರ್ಧ ಗಂಟೆ, ಒಂದೇ ಮಗು, ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಜೇಡಿಮಣ್ಣು, ಬಣ್ಣದ ಕಡ್ಡಿ, ಗೊಂಬೆ, ಅಡುಗೆ ಸಾಮಾನು ಸಾಕು. ಬ್ಯಾಟರಿ ಆಟಿಕೆ ಬೇಡ. ಅದು ತಾನೇ ಆಡುತ್ತದೆ, ಮಗುವಿಗೆ ಕೆಲಸ ಉಳಿಯಲ್ಲ. ಆನೆಗೆ ಹಸಿರು ಬಳಿದರೆ ತಿದ್ದಬೇಡಿ. "ಇದ್ಯಾವ ಬಣ್ಣ ಹೇಳು" ಅಂತ ಪರೀಕ್ಷೆಯನ್ನೂ ಮಾಡಬೇಡಿ. ದೊಡ್ಡವರಿಗೆ ಇದು ಬಹಳ ಕಷ್ಟ, ಅಲ್ವಾ?

ಎಲ್ಲ ತೊಂದರೆಗೂ ಆಟವೊಂದೇ ಮದ್ದಲ್ಲ. ಮಾತು ತಡವಾದರೆ, ಫಿಟ್ಸ್ ಇದ್ದರೆ, ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕರೆದುಕೊಂಡು ಹೋಗುವಾಗ "ನೀನು ತುಂಟ, ಅದಕ್ಕೇ ಡಾಕ್ಟರ್ ಹತ್ರ" ಅನ್ನಬೇಡಿ. "ಆಟ ಆಡೋ ಕೋಣೆ ಇದೆ, ಅಲ್ಲಿರೋ ಅಕ್ಕ ನಿನ್ ಜೊತೆ ಇರ್ತಾರೆ, ನಾನು ಹೊರಗೇ ಕೂತಿರ್ತೀನಿ" ಅನ್ನಿ. ಹೊರಗೆ ಬಂದ ಮೇಲೆ ಏನಾಡಿದೆ ಅಂತ ಕೆದಕಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ನಮಸ್ಕಾರ.