ಘಾಟಿಯಲ್ಲಿ ಇಂಜಿನ್ ಹೀಟ್ ಆದಾಗ ಏನು ಮಾಡಬೇಕು? ಮುಚ್ಚಳಕ್ಕೆ ಕೈ ಹಾಕೋ ಮುಂಚೆ ನೋಡಿ

[ದೃಶ್ಯ: ಆಗುಂಬೆ ಘಾಟಿ ಏರುತ್ತಿರುವ ಕಾರಿನ ಒಳಗೆ. ಕ್ಯಾಮೆರಾ ಟೆಂಪರೇಚರ್ ಮುಳ್ಳಿನ ಮೇಲೆ.]

ನಮಸ್ಕಾರ. ಈ ಮುಳ್ಳು ನೋಡಿ. ಹೆಬ್ರಿ, ಸೋಮೇಶ್ವರ ದಾಟೋವರೆಗೂ ಅರ್ಧದ ಹತ್ತಿರ ಅಲುಗಾಡದೆ ನಿಂತಿತ್ತು. ಘಾಟಿಯ ತಿರುವುಗಳು ಶುರುವಾದ ಮೇಲೆ ಮೆಲ್ಲಗೆ ಮೇಲಕ್ಕೆ ಹೊರಟಿದೆ. ಇಂಥ ಹೊತ್ತಲ್ಲಿ ನಮ್ಮಲ್ಲಿ ಬಹಳ ಜನ ಆಡೋ ಮಾತು ಒಂದಿದೆ: "ಇನ್ನೇನು ನಾಲ್ಕು ತಿರುವು, ಮೇಲೆ ಹೋಗಿ ನೋಡೋಣ."

ಈ ವಿಡಿಯೋ ಮಾಡ್ತಿರೋದೇ ಆ ಮಾತಿಗೋಸ್ಕರ. ಮುಳ್ಳು ಏರೋಕೆ ಶುರುವಾದಾಗ ನಿಂತರೆ ಹೆಚ್ಚಂದ್ರೆ ಒಂದು ಗಂಟೆ ಹೋಗುತ್ತೆ. ಮೇಲೆ ಹೋಗಿ ನೋಡೋಣ ಅಂತ ಎಳೆದ್ರೆ ಇಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಬೆಂಡ್ ಆಗಬಹುದು, ಅದರ ಕೆಳಗೆ ಸೋರದ ಹಾಗೆ ಕೂರಿಸಿರೋ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಇಂಜಿನ್ನೇ ಸೀಜ್ ಆಗಿ ತಿರುಗದೆ ನಿಲ್ಲಬಹುದು. ಆಮೇಲೆ ಬರೋ ಬಿಲ್ಲು ಎಷ್ಟು ಅಂತ ಇಂಜಿನ್ ಇಳಿಸಿ ರಿಪೇರಿ ಮಾಡಿಸಿದವರನ್ನ ಕೇಳಿ.

[ದೃಶ್ಯ: ಮಂಜು ಕವಿದ ತಿರುವು. ಕಲ್ಲಿನ ತಡೆಗೋಡೆ, ನಿಧಾನಕ್ಕೆ ಏರುತ್ತಿರುವ ಪಿಕಪ್.]

"ಹೊರಗೆ ಇಷ್ಟು ತಂಪಿದೆ, ಮಲೆನಾಡಲ್ಲಿ ಗಾಡಿ ಯಾಕೆ ಹೀಟ್ ಆಗುತ್ತೆ?" ಅಂತ ಕೇಳ್ತಾರೆ. ಕೇಳಬೇಕಾದ ಪ್ರಶ್ನೆನೇ. ಸರಿಯಾಗಿರೋ ಇಂಜಿನ್‌ನಲ್ಲೂ ಕೂಲಂಟ್, ಅಂದ್ರೆ ಇಂಜಿನ್ ತಣಿಸೋ ದ್ರವ, ಸುಮಾರು 90ರಿಂದ 105 ಡಿಗ್ರಿ ಬಿಸಿಯಲ್ಲೇ ಸುತ್ತುತ್ತಾ ಇರುತ್ತೆ. ಹೊರಗಿನ ಗಾಳಿ 35 ಡಿಗ್ರಿ ಇರಲಿ, 22 ಡಿಗ್ರಿ ಇರಲಿ, ಕೂಲಂಟ್ ಪಾಲಿಗೆ ಎರಡೂ ತಣ್ಣಗೇ. ಮುಖ್ಯ ಆಗೋದು ಆ ಗಾಳಿ ರೇಡಿಯೇಟರ್, ಅಂದ್ರೆ ಕೂಲಂಟ್ ತಣಿಸೋ ಜಾಲಿ, ಅದರ ಒಳಗಿಂದ ಎಷ್ಟು ಜೋರಾಗಿ ಹಾಯುತ್ತೆ ಅನ್ನೋದು.

ಶಿವಮೊಗ್ಗದಿಂದ ಭದ್ರಾವತಿಗೆ 60ರ ಸ್ಪೀಡಲ್ಲಿ ಹೋಗುವಾಗ ಗಾಳಿ ತಾನಾಗೇ ನುಗ್ಗುತ್ತೆ. ಆಗುಂಬೆ ಘಾಟಿಯಲ್ಲಿ ಹಾಗಲ್ಲ. 14 ಹೇರ್‌ಪಿನ್ ತಿರುವು. ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಮೇಲಿರೋ ಊರಿಗೆ ಅಷ್ಟೇ ದಾರಿಯಲ್ಲಿ ಏರಬೇಕು. ಮೊದಲನೇ ಗೇರು, ಎರಡನೇ ಗೇರು, ಮುಂದೊಂದು ಬಸ್ಸು. ಸ್ಪೀಡು 15 ದಾಟಲ್ಲ, ಆದ್ರೆ ಇಂಜಿನ್ ಮಾತ್ರ ಪೂರ್ತಿ ಕೆಲಸ ಮಾಡ್ತಾ ಇರುತ್ತೆ. ಸುಟ್ಟ ಪೆಟ್ರೋಲು, ಡೀಸೆಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೂಲಂಟಿಗೇ ಸೇರೋದು. ಅಷ್ಟನ್ನೂ ಹೊರಗೆ ಹಾಕೋ ಭಾರ ಈಗ ಒಂದು ಫ್ಯಾನಿನ ಮೇಲೆ. ಜೊತೆಗೆ ಎಸಿ ಹಾಕಿದ್ರೆ, ಎಸಿಯ ಕಂಡೆನ್ಸರ್ ಇರೋದು ರೇಡಿಯೇಟರ್ ಮುಂದೆ. ಅದರ ಬಿಸಿ ಹೊತ್ತ ಗಾಳಿನೇ ಹಿಂದಕ್ಕೆ ಹೋಗುತ್ತೆ. ಅದಕ್ಕೇ ಊರಲ್ಲಿ ಸುಮ್ಮನಿದ್ದ ಸಣ್ಣ ದೋಷ, ಹುಲಿಕಲ್ ಘಾಟಿಯಲ್ಲೋ ಆಗುಂಬೆಯಲ್ಲೋ ಹೊರಗೆ ಬರೋದು.

[ದೃಶ್ಯ: ಎರಡು ಡ್ಯಾಶ್‌ಬೋರ್ಡ್. ಒಂದರಲ್ಲಿ ಮುಳ್ಳು, ಇನ್ನೊಂದರಲ್ಲಿ ಬರೀ ದೀಪ.]

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ದೀಪ, ಅದು ಇಂಜಿನ್ ಇನ್ನೂ ತಣ್ಣಗಿದೆ ಅಂತ. ಕೆಂಪು ಬಂತು ಅಂದ್ರೆ ಬಿಸಿ ಆಗಲೇ ಮಿತಿ ಮೀರಿದೆ. ಮುಳ್ಳಿನ ಗಾಡಿಯವರಿಗೆ ಸಿಗೋ ಮುನ್ಸೂಚನೆ ಇವರಿಗೆ ಸಿಗಲ್ಲ, ಹಾಗಾಗಿ ಇವರು ಬೇರೆ ಗುರುತುಗಳನ್ನ ಗಮನಿಸಬೇಕು: ಎಸಿ ಇದ್ದಕ್ಕಿದ್ದಂಗೆ ತಣ್ಣಗೆ ಬೀಸೋದು ನಿಲ್ಲಿಸುತ್ತೆ, ಗಾಡಿ ಎಳೆಯೋದು ಕಮ್ಮಿ ಮಾಡುತ್ತೆ, ಕೂಲಂಟಿನ ಸಿಹಿ ಸಿಹಿ ವಾಸನೆ ಒಳಗೆ ಬರುತ್ತೆ.

ಮುಳ್ಳು ಇರೋರಿಗೂ ಒಂದು ಎಚ್ಚರಿಕೆ. ಕೆಂಪಿನ ಹತ್ತಿರ ಇದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ರೆ ಖುಷಿ ಪಡಬೇಡಿ. ಕೂಲಂಟ್ ಪೂರ್ತಿ ಸೋರಿ ಹೋದಾಗ ಸೆನ್ಸರ್ ಸುತ್ತ ನೀರೇ ಇರಲ್ಲ, ಅದು ತಪ್ಪು ಲೆಕ್ಕ ಕೊಡಬಹುದು. ತಕ್ಷಣ ನಿಲ್ಲಿಸಿ, ಇಂಜಿನ್ ಆಫ್ ಮಾಡಿ.

[ದೃಶ್ಯ: ಚಾಲಕನ ಕೈ. ಎಸಿ ಆಫ್, ಹೀಟರ್ ನಾಬ್ ಕೆಂಪಿನ ಕಡೆಗೆ, ಬ್ಲೋವರ್ ಪೂರ್ತಿ.]

ಮುಳ್ಳು ಅರ್ಧ ದಾಟಿ ಏರ್ತಾ ಇದೆ, ಕೆಂಪು ಇನ್ನೂ ಮುಟ್ಟಿಲ್ಲ. ಮೊದಲು ಎಸಿ ಆಫ್. ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಕೇಳೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ಹೀಟರ್ ಒಳಗಿರೋದೂ ಒಂದು ಪುಟ್ಟ ರೇಡಿಯೇಟರೇ. ಇಂಜಿನ್ನಿನ ಶಾಖ ಸ್ವಲ್ಪ ಅದರ ಮೂಲಕ ಒಳಗೆ ಬರುತ್ತೆ. ನಿಮಗೆ ಬೆವರು ಕಿತ್ತುಕೊಂಡು ಬರುತ್ತೆ, ಬರಲಿ.

ಗೇರು ಇಳಿಸಿ. ದೊಡ್ಡ ಗೇರಲ್ಲಿ ಇಂಜಿನ್ ಒದ್ದಾಡೋ ಹಾಗೆ ಎಳೆಸಬೇಡಿ. ಹಾಫ್ ಕ್ಲಚ್ಚಲ್ಲಿ ಗಾಡಿನ ಏರಿನಲ್ಲಿ ಹಿಡಿದು ನಿಲ್ಲಿಸೋದು ಬೇಡ, ಹ್ಯಾಂಡ್‌ಬ್ರೇಕ್ ಇರೋದು ಅದಕ್ಕೇ. ಇಷ್ಟು ಮಾಡ್ತಾ ನಿಲ್ಲಿಸೋ ಜಾಗ ಹುಡುಕಿ. ನಾನು ಹೇಳ್ತಿರೋದು ಮೊದಲು ಸಿಗೋ ಸುರಕ್ಷಿತ ಜಾಗ, ಸೂರ್ಯಾಸ್ತ ನೋಡೋ ಕಟ್ಟೆ ಅಲ್ಲ.

ಜಾಗ ಅಂದ್ರೆ ಎಂಥದು? ತಿರುವಿನ ಒಳಗೆ ಬೇಡ, ತಿರುವು ಮುಗಿದ ಕೂಡಲೇನೂ ಬೇಡ. ಎರಡೂ ಕಡೆಯಿಂದ ಬರೋರಿಗೆ ದೂರದಿಂದ ಕಾಣೋ ನೇರ ತುಣುಕು ಬೇಕು. ಮಳೆಗಾಲದಲ್ಲಿ ರಸ್ತೆ ಅಂಚಿನ ಮಣ್ಣು ಗಟ್ಟಿ ಕಂಡ್ರೂ ಒಳಗೆ ನೆನೆದು ಮೆತ್ತಗಾಗಿರುತ್ತೆ, ಕಣಿವೆ ಕಡೆಯ ಅಂಚಿಗೆ ಚಕ್ರ ಇಳಿಸಬೇಡಿ. ಧರೆ ಜರಿದ ಗುರುತಿದ್ರೆ ಅದರ ಬುಡದಲ್ಲೂ ನಿಲ್ಲಿಸಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ತ್ರಿಕೋನದ ಎಚ್ಚರಿಕೆ ಫಲಕ ಇದ್ರೆ ತಿರುವಿಗಿಂತ ಹಿಂದೆ ಇಡಿ, ಗಾಡಿ ಬಾಲಕ್ಕೆ ಅಂಟಿಸಿದ ಹಾಗೆ ಇಟ್ಟರೆ ಪ್ರಯೋಜನ ಇಲ್ಲ. ಮಕ್ಕಳನ್ನ, ಹಿರಿಯರನ್ನ ಕೆಳಗಿಳಿಸಿ ರಸ್ತೆಯಿಂದ ದೂರ ನಿಲ್ಲಿಸಿ.

ಇನ್ನು ಇಂಜಿನ್ ಆಫ್ ಮಾಡಬೇಕಾ, ಓಡ್ತಾ ಬಿಡಬೇಕಾ? ಇದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಆವಿ ಇಲ್ಲ, ಕೆಳಗೆ ನೀರು ಸೋರ್ತಿಲ್ಲ, ಫ್ಯಾನ್ ತಿರುಗೋ ಸದ್ದು ಕೇಳ್ತಿದೆ, ಕೆಂಪು ದೀಪ ಹೊತ್ತಿಲ್ಲ ಅಂದ್ರೆ ನ್ಯೂಟ್ರಲ್‌ನಲ್ಲಿ ಓಡ್ತಾ ಬಿಡಿ. ಪಂಪು ನೀರನ್ನ ಸುತ್ತಿಸ್ತಾ ಇರುತ್ತೆ, ಕೆಲವೇ ನಿಮಿಷದಲ್ಲಿ ಮುಳ್ಳು ಇಳಿಯುತ್ತೆ. ಆಫ್ ಮಾಡಿದ್ರೆ ಸುತ್ತೋದು ನಿಂತು, ಇದ್ದ ಬಿಸಿ ಹೆಡ್‌ನಲ್ಲೇ ಉಳಿಯುತ್ತೆ. ಆದ್ರೆ ಆವಿ ಬರ್ತಿದ್ರೆ, ಸೋರ್ತಿದ್ರೆ, ಫ್ಯಾನ್ ತಿರುಗ್ತಿಲ್ಲ ಅಂದ್ರೆ, ಮುಳ್ಳು ಇಳೀತಿಲ್ಲ ಅಂದ್ರೆ, ಕೂಡಲೇ ಆಫ್. ಬಾನೆಟ್ ಸಂದಿಯಿಂದ ಆವಿ ನುಗ್ಗುತ್ತಾ ಇದ್ರೆ ಅದು ತಗ್ಗೋವರೆಗೂ ಬಾನೆಟ್ ಎತ್ತಬೇಡಿ. ಎತ್ತಿದ ಮೇಲೂ ಫ್ಯಾನ್ ಹತ್ತಿರ ಕೈ, ಸೆರಗು, ಪಂಚೆ ತುದಿ ಹೋಗಬಾರದು. ಎಲೆಕ್ಟ್ರಿಕ್ ಫ್ಯಾನ್ ಇಂಜಿನ್ ಆಫ್ ಆಗಿದ್ರೂ ಬಿಸಿ ನೋಡಿ ತಾನಾಗೇ ತಿರುಗಬಹುದು.

[ದೃಶ್ಯ: ರೇಡಿಯೇಟರ್ ಮುಚ್ಚಳ, ತೀರಾ ಹತ್ತಿರದಿಂದ. ಮೇಲೆ ಅಚ್ಚಾದ ಅಂಕಿ ಕಾಣಬೇಕು.]

ಈಗ ಈ ಮುಚ್ಚಳ. ದಯವಿಟ್ಟು ಈ ಭಾಗ ಸ್ಕಿಪ್ ಮಾಡಬೇಡಿ.

ಇದರ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತೆ. ಅದು ಒಳಗೆ ಹಿಡಿದಿಡೋ ಒತ್ತಡ, ಬಾರ್ ಲೆಕ್ಕದಲ್ಲಿ. ಮನೆಯ ಕುಕ್ಕರ್ ಥರಾನೇ ಇದು. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯೋ ನೀರು, ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಸುಮಾರು 120 ಡಿಗ್ರಿವರೆಗೆ ಕುದಿಯಲ್ಲ. ಈಗ ಒಳಗೆ 115 ಡಿಗ್ರಿ ಇದೆ ಅನ್ಕೊಳ್ಳಿ. ನೀವು ಮುಚ್ಚಳ ತಿರುಗಿಸ್ತೀರಿ, ಒತ್ತಡ ಹೋಗುತ್ತೆ. ಆ ಕ್ಷಣದಲ್ಲೇ ನೀರಿನ ಒಂದು ಪಾಲು ಆವಿಯಾಗಿ ಹಿಗ್ಗುತ್ತೆ. ನೀರು ಆವಿಯಾದಾಗ ಹಿಡಿಸೋ ಜಾಗ ಸುಮಾರು 1,600 ಪಟ್ಟು. ಅದು ಉಳಿದ ಕುದಿನೀರನ್ನೂ ಎತ್ತಿಕೊಂಡು ಮುಖಕ್ಕೆ, ಎದೆಗೆ, ಕೈಗೆ ಎರಚುತ್ತೆ. ಹಿಂದಕ್ಕೆ ಸರಿಯೋಕೂ ಸಮಯ ಸಿಗಲ್ಲ. "ಟವೆಲ್ ಹಾಕಿ ತೆಗೆದೆ, ಏನೂ ಆಗ್ಲಿಲ್ಲ" ಅನ್ನೋರ ಮಾತು ನಂಬಬೇಡಿ. ಬಿಸಿ ಇಂಜಿನ್ ಮೇಲೆ ಟವೆಲ್ ಕಾಪಾಡಲ್ಲ.

ಕಮ್ಮಿ ಅಂದ್ರೂ ಅರ್ಧ ಗಂಟೆ, ಚೆನ್ನಾಗಿ ಕುದ್ದಿದ್ರೆ ಇನ್ನೂ ಹೆಚ್ಚು ಕಾಯಿರಿ. ರೇಡಿಯೇಟರ್ ಮೇಲಿನ ದಪ್ಪ ಹೋಸ್‌ಗೆ ದಪ್ಪ ಬಟ್ಟೆ ಸುತ್ತಿ ಒತ್ತಿ ನೋಡಿ, ಗಟ್ಟಿಯಾಗಿ ಬಿಗಿದಿದ್ರೆ ಒಳಗೆ ಒತ್ತಡ ಇದೆ ಅಂತಲೇ ಅರ್ಥ. ಮೆತ್ತಗಾಗಿ, ಮುಚ್ಚಳ ಬರಿಗೈಲಿ ಮುಟ್ಟೋ ಹಾಗಾದ ಮೇಲೆ ಬಟ್ಟೆ ಹಿಡಿದು, ಮುಖ ಆ ಕಡೆ ತಿರುಗಿಸಿ, ಕಾಲು ಸುತ್ತು ಮಾತ್ರ ತಿರುಗಿಸಿ. ಬುಸ್ ಅನ್ನೋ ಸದ್ದು ಪೂರ್ತಿ ನಿಂತ ಮೇಲೆ ಉಳಿದದ್ದು.

ಕುದಿನೀರು ಬಿದ್ದೇ ಬಿಡ್ತು ಅಂದ್ರೆ: ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಬಳೆ, ಉಂಗುರ, ವಾಚು ತೆಗೆಯಿರಿ. ಟೂತ್‌ಪೇಸ್ಟು, ಅರಿಶಿನ, ಬೆಣ್ಣೆ ಯಾವುದೂ ಬೇಡ. ಕಣ್ಣಿಗೆ, ಮುಖಕ್ಕೆ ಬಿದ್ದಿದ್ರೆ 108ಕ್ಕೆ ಫೋನ್ ಮಾಡಿ.

[ದೃಶ್ಯ: ರಸ್ತೆ ಬದಿಯ ಬಂಡೆಯಿಂದ ಇಳಿಯುತ್ತಿರುವ ನೀರು, ಬಾಟಲಿ ಹಿಡಿದ ಕೈ.]

ನಮ್ಮ ಘಾಟಿಗಳಲ್ಲಿ ಮಳೆಗಾಲದಲ್ಲಿ ನೀರಿಗೆ ಬರ ಇಲ್ಲ, ತಿರುವಿಗೊಂದು ಝರಿ. ಆ ತಣ್ಣೀರನ್ನ ತಂದು ಬಿಸಿ ಇಂಜಿನ್ ಮೇಲೆ ಸುರಿಯೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ರೆ ಬಿರುಕು ಬಿಡಬಹುದು, ಹೆಡ್ ತಿರುಚಬಹುದು. ಒಳಗೆ ಹಾಕೋದಾದ್ರೂ ಇಂಜಿನ್ ತಣಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ. ಕೂಲಂಟ್ ಇಲ್ಲದಿದ್ರೆ ತುರ್ತಿಗೆ ಕುಡಿಯೋ ನೀರು ಸಾಕು, ಮಣ್ಣು ಬೆರೆತ ಚರಂಡಿ ನೀರು ಬೇಡ. ಊರಿಗೆ ಬಂದ ಮೇಲೆ ತಪ್ಪದೆ ತೆಗೆಸಿ ಕೂಲಂಟ್ ಹಾಕಿಸಿ. ಬರೀ ನೀರು ಬೇಗ ಕುದಿಯುತ್ತೆ, ಒಳಗೆ ತುಕ್ಕು ಹಿಡಿಸುತ್ತೆ. ಕೂಲಂಟ್‌ನ ಬಣ್ಣ ನೋಡಿ ತರಬೇಡಿ, ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿರೋದನ್ನೇ ತನ್ನಿ. ಬೇರೆ ಬೇರೆ ಜಾತಿಯವು ಬೆರೆತ್ರೆ ಕೆಲವೊಮ್ಮೆ ಗಸಿ ಕಟ್ಟಿ ದಾರಿ ಮುಚ್ಚುತ್ತೆ.

ನೀರು ತುಂಬಿಸಿದ ಮೇಲೆ ಮುಂದೆ ಹೋಗಬಹುದಾ? ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ರೆ ಒಳಗೆ ನೀರು ಸೇರಿದೆ, ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರ್ತಿದ್ರೂ ಅಷ್ಟೇ. (ಮಲೆನಾಡಿನ ಚಳಿ ಬೆಳಗಿನಲ್ಲಿ ಎಲ್ಲಾ ಗಾಡಿಯಲ್ಲೂ ಸ್ವಲ್ಪ ಬಿಳಿ ಆವಿ ಬರುತ್ತೆ, ಬಿಸಿಯಾದ ಮೇಲೆ ನಿಲ್ಲುತ್ತೆ, ಅದಕ್ಕೆ ಹೆದರಬೇಡಿ.) ಹಾಕಿದ ನೀರು ಹಾಕಿದ ಹಾಗೇ ಸೋರಿ ಹೋಗ್ತಿದ್ರೆ ಅಲ್ಲೇ ಇರಿ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದ ಜಾಗಗಳಿವೆ, ಹೋಗಿ ಬರೋ ಬಸ್ಸಿನವರ ಹತ್ತಿರ ಮೇಲಿನ ಊರಿಗೆ ಸುದ್ದಿ ಕಳಿಸಿ. ನಮ್ಮ ಕಡೆ ಬಸ್ಸಿನ ಡ್ರೈವರುಗಳು ಇದಕ್ಕೆ ಇಲ್ಲ ಅನ್ನೋದು ಕಮ್ಮಿ.

[ದೃಶ್ಯ: ತೀರ್ಥಹಳ್ಳಿಯ ಒಂದು ಗ್ಯಾರೇಜು. ಮೇಸ್ತ್ರಿ ಟಾರ್ಚ್ ಹಿಡಿದು ಗ್ರಿಲ್ ಹಿಂದೆ ತೋರಿಸುತ್ತಿದ್ದಾರೆ.]

ನಾನು: ಅಣ್ಣ, ಘಾಟಿಯಲ್ಲಿ ಕುದ್ದು ಬಂದ ಗಾಡಿಗೆ ಮೊದಲು ಎಂತ ನೋಡ್ತೀರಿ?

ಮೇಸ್ತ್ರಿ: ಮೊದಲು ಫ್ಯಾನ್. ಎಸಿ ಹಾಕಿದ್ರೆ ಫ್ಯಾನ್ ತಿರುಗ್ಬೇಕು, ತಿರುಗ್ಲಿಲ್ಲ ಅಂದ್ರೆ ಫ್ಯೂಸೋ ರಿಲೇನೋ ಮೋಟರ್ರೋ ಹೋಗಿದೆ ಅಂತ. ಆಮೇಲೆ ಇಲ್ಲಿ ನೋಡಿ, ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿ. ಮುಂದಿಂದ ಕ್ಲೀನ್ ಕಾಣ್ತದೆ ಮಾರಾಯ್ರೆ, ಒಳಗೆ ಕೆಸರು, ಹುಲ್ಲು, ಹುಳ ಎಲ್ಲ ಒತ್ತಿ ಕೂತಿರ್ತದೆ. ತೋಟದ ರಸ್ತೆಗೆ ಹೋಗೋ ಗಾಡಿ ಎಲ್ಲದ್ರಲ್ಲೂ ಇದೇ.

ನಾನು: ಪ್ರೆಶರ್ ವಾಷರ್ ಹಿಡಿದ್ರೆ ಹೋಗಲ್ವಾ?

ಮೇಸ್ತ್ರಿ: ಹತ್ತಿರದಿಂದ ಹಿಡಿದ್ರೆ ಜಾಲಿ ಮಡಚಿ ಹೋಗ್ತದೆ, ಆಮೇಲೆ ಗಾಳಿನೇ ಇಲ್ಲ. ಸಾಧಾರಣ ಪೈಪ್ ನೀರು, ಒಳಗಿಂದ ಹೊರಗೆ.

ನಾನು: ಬಿಸಿ ನೋಡಿ ಕೂಲಂಟಿಗೆ ದಾರಿ ತೆರೆಯೋ ಥರ್ಮೋಸ್ಟಾಟ್ ಕಿತ್ತು ಹಾಕಿದ್ರೆ ಹೀಟೇ ಆಗಲ್ಲ ಅಂತಾರಲ್ಲ?

ಮೇಸ್ತ್ರಿ: ಅದು ಹಳೇ ಚಾಳಿ. ಕಿತ್ರೆ ಇಂಜಿನ್ ಸರಿಯಾದ ಬಿಸಿಗೆ ಬರೋದೇ ಇಲ್ಲ, ಡೀಸೆಲ್ ಜಾಸ್ತಿ ಕುಡೀತದೆ, ಸವೆತಾನೂ ಜಾಸ್ತಿ. ಕೆಟ್ಟಿದ್ರೆ ಹೊಸದು ಹಾಕ್ಬೇಕು. ಮತ್ತೆ ಕೂಲಂಟ್ ತುಂಬ್ದಾಗ ಏರ್ ತೆಗಿಬೇಕು, ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆದ್ರೆ ಟ್ಯಾಂಕ್ ತುಂಬಿದ್ರೂ ಗಾಡಿ ಕುದೀತದೆ.

[ದೃಶ್ಯ: ಬೆಳಗಿನ ಅಂಗಳ. ಕೊಟ್ಟಿಗೆ ಪಕ್ಕ ನಿಂತ ಕಾರು, ಬಾನೆಟ್ ತೆರೆದಿದೆ.]

ಮೇಸ್ತ್ರಿ ಕ್ಯಾಮೆರಾ ಆಫ್ ಆದ ಮೇಲೆ ಹೇಳಿದ್ದು ಇಲಿ ವಿಷಯ. ಕೊಟ್ಟಿಗೆ ಪಕ್ಕ, ಅಡಿಕೆ ಮನೆ ಪಕ್ಕ ಗಾಡಿ ನಿಲ್ಲಿಸೋರು ಮಳೆಗಾಲದಲ್ಲಿ ಬಾನೆಟ್ ಎತ್ತಿ ನೋಡಲೇಬೇಕು. ಬೆಚ್ಚಗಿರುತ್ತೆ ಅಂತ ಇಲಿ ಬಂದು ವೈರು, ಸಣ್ಣ ಹೋಸು ಕಡಿಯುತ್ತೆ. ಹೊರಡೋ ಮುಂಚೆ, ಇಂಜಿನ್ ತಣ್ಣಗಿರುವಾಗ ರಿಸರ್ವ್ ಟ್ಯಾಂಕ್‌ನ ಎರಡು ಗೆರೆ ನಡುವೆ ಕೂಲಂಟ್ ಇದೆಯಾ, ಗಾಡಿ ನಿಂತ ಜಾಗದಲ್ಲಿ ನೆಲ ಒದ್ದೆ ಆಗಿದೆಯಾ, ಬೆಲ್ಟ್ ಬಿರುಕು ಬಿಟ್ಟಿದೆಯಾ ನೋಡಿ. ಎರಡು ನಿಮಿಷದ ಕೆಲಸ. ಟ್ಯಾಂಕಿಗೆ ಪದೇ ಪದೇ ತುಂಬಿಸಬೇಕಾಗ್ತಿದ್ರೆ ಅದು ಎಲ್ಲೋ ಹೋಗ್ತಿದೆ, ಎಲ್ಲಿ ಅಂತ ಘಾಟಿ ಹತ್ತೋ ಮುಂಚೆ ಗೊತ್ತಾಗಬೇಕು. ಪಿಕಪ್‌ನಲ್ಲಿ ಅಡಿಕೆ, ಶುಂಠಿ ಹೇರೋರಿಗೆ ನನ್ನದೊಂದು ಕೋರಿಕೆ: ಮಿತಿ ಮೀರಿ ಹೇರಿದ ಲೋಡು ಏರಿನಲ್ಲಿ ಇಂಜಿನ್ ಸುಡುತ್ತೆ, ಇಳಿಜಾರಿನಲ್ಲಿ ಬ್ರೇಕ್ ಸುಡುತ್ತೆ.

ಬ್ರೇಕ್ ಅಂದೆ. ಇಳಿಯುವಾಗ ನ್ಯೂಟ್ರಲ್ ಹಾಕಿ ಬಿಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಹೆಚ್ಚು ಕಡಿಮೆ ಅದೇ ಗೇರು, ಇಂಜಿನ್ನೇ ಗಾಡಿನ ಹಿಡಿಯುತ್ತೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಸುಟ್ಟ ವಾಸನೆ ಬರುತ್ತೆ, ಆಮೇಲೆ ತುಳಿದ್ರೂ ಹಿಡಿಯಲ್ಲ. ವಾಸನೆ ಬಂದಾಗಲೇ ನಿಲ್ಲಿಸಿ ತಣಿಸಿ, ಬಿಸಿ ಡ್ರಮ್ಮಿಗೆ ನೀರು ಹಾಕಬೇಡಿ. ಇನ್ನು ರಸ್ತೆಯ ಅಗಲ ಸಾಲದ ಕಡೆ ಹತ್ತಿ ಬರ್ತಿರೋ ಗಾಡಿಗೆ ಇಳಿಯೋರು ದಾರಿ ಬಿಡಬೇಕು. ಇದು ಸೌಜನ್ಯ ಮಾತ್ರ ಅಲ್ಲ, ಮೋಟಾರು ವಾಹನ ಚಾಲನೆಯ ನಿಯಮದಲ್ಲೇ ಇದೆ. ಏರಿನಲ್ಲಿ ನಿಂತು ಮತ್ತೆ ಹೊರಡೋ ಗಾಡಿಯ ಇಂಜಿನ್ನಿಗೂ ಕ್ಲಚ್ಚಿಗೂ ಎಷ್ಟು ಹೊಡೆತ ಅಂತ ಈಗ ನಿಮಗೆ ಗೊತ್ತಲ್ಲ.

ಮತ್ತೆ, ಗಾಡಿ ತಣಿದು ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನ ಎತ್ತಿ ರಸ್ತೆಯಾಚೆ ಹಾಕಿ. ಅವಸರದಲ್ಲಿ ಎಲ್ಲರೂ ಮರೆಯೋದು ಅದನ್ನೇ, ಮಂಜಿನಲ್ಲಿ ಬರೋ ಬೈಕಿನವರಿಗೆ ಅದು ಕಾಣಲ್ಲ.